ತಿರುವಿನಲ್ಲಿ ಇಡದ ಸೊಪ್ಪು

ನಮ್ಮ ಜೀಪುಗಳ ಗುಂಪಿನಲ್ಲಿ ಎಲ್ಲರಿಗಿಂತ ಹತ್ತಿರದ ಮನೆಯವರೇ ಎಲ್ಲರಿಗಿಂತ ತಡವಾಗಿ ಬರುತ್ತಿದ್ದರು. ಆಫ್‌ರೋಡ್ ಹೋಗುವ ಭಾನುವಾರಗಳಲ್ಲಿ ನಾವು ಸೇರುವುದು ಕಾಣಿಯೂರು ಪೇಟೆಯ ಒಂದು ಹೋಟೆಲಿನ ಎದುರು. ನಾನು ಪುತ್ತೂರಿನಿಂದ ಬರಬೇಕು, ಇಬ್ಬರು ಸುಳ್ಯದಿಂದ, ಒಬ್ಬರು ಬೆಳ್ಳಾರೆಯಿಂದ, ಉಳಿದವರಲ್ಲಿ ಒಬ್ಬರಂತೂ ಕೇರಳದ ಗಡಿಯ ಹತ್ತಿರದಿಂದ. ಪಂಜದ ಭಟ್ಟರಿಗೆ ಮನೆಯಿಂದ ಕಾಣಿಯೂರಿಗೆ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆದರೂ ಆರೂವರೆಗೆ ಎಂದರೆ ಅವರು ಕಾಣಿಸಿಕೊಳ್ಳುವುದು ಏಳು ಗಂಟೆಗೆ, ಅದೂ ನಗುತ್ತಾ.

ನಾನು ಆರೂಕಾಲಿಗೇ ಇರುತ್ತಿದ್ದೆ. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ನಸುಕಿನ ಸುಬ್‌ಹಿ ನಮಾಜಿಗೆ ಎದ್ದವನಿಗೆ ಆರೂಕಾಲು ಎಂದರೆ ಅರ್ಧ ಕೆಲಸ ಮುಗಿಯುವ ಹೊತ್ತು. ಗಲ್ಫಿನಲ್ಲಿದ್ದಾಗ ಮರಳುಗಾಡಿನಲ್ಲಿ ಹೂತುಹೋದ ಗಾಡಿಗಳನ್ನು ಎಳೆದು ತೆಗೆಯುವುದು ನನ್ನ ಕೆಲಸವಾಗಿತ್ತು. ಅಲ್ಲಿ ಪ್ರವಾಸಿಗಳ ಗುಂಪು ಯಾರಿಗೂ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯುತ್ತಿರಲಿಲ್ಲ. ಪುತ್ತೂರಿನ ಹೊರಗೆ ಜೀಪು ರಿಪೇರಿಯ ಗ್ಯಾರೇಜು ಹಾಕಿ ಈ ಗುಂಪಿಗೆ ಲೀಡ್ ಆದ ಮೇಲೆ, ಅಂದರೆ ಮುಂದಿನ ಜೀಪು ಓಡಿಸಿ ದಾರಿ ತೋರಿಸುವವನಾದ ಮೇಲೆ, ಆ ನಿಯಮವನ್ನು ಇಲ್ಲಿಗೂ ತಂದೆ. ಸೇರುವುದು ಆರೂವರೆಗೆ, ಹೊರಡುವುದು ಆರು ಮುಕ್ಕಾಲಿಗೆ, ಅದರ ಮೇಲೆ ಹತ್ತು ನಿಮಿಷ ರಿಯಾಯಿತಿ. ಆಮೇಲೆ ಬಂದವರು ಹಿಂದಿನಿಂದ ಹುಡುಕಿಕೊಂಡು ಬರಬೇಕು.

ನಿಯಮವನ್ನು ಎಲ್ಲರೂ ಒಪ್ಪಿದರು. ಭಟ್ಟರೊಬ್ಬರನ್ನು ಬಿಟ್ಟು ಎಲ್ಲರ ಮೇಲೂ ನಡೆಸಿದರು. ಭಟ್ಟರು ಬಾರದಿದ್ದರೆ ಯಾರೂ ವಾಚು ನೋಡುತ್ತಿರಲಿಲ್ಲ. ಇನ್ನೊಂದು ಸುತ್ತು ಚಾ ಹೇಳುತ್ತಿದ್ದರು, ಬಿಸಿ ಬನ್ಸ್ ಬಂದಿದೆಯೋ ಕೇಳುತ್ತಿದ್ದರು, ಫೋನ್ ಮಾಡಿ ಸ್ಪೀಕರಿಗೆ ಹಾಕುತ್ತಿದ್ದರು. ಗೇಟು ದಾಟಿ ಆಯಿತು ಎಂದು ಭಟ್ಟರು ಹೇಳುವಾಗ ಹಿಂದೆ ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಎಲ್ಲರಿಗೂ ನಗು. ಕೊನೆಗೆ ಅವರ ಹಳೆಯ ಜೀಪು ಹೊಗೆ ಬಿಡುತ್ತಾ ಬಂದು ನಿಂತಾಗ, ಕಾದ ಜನವೇ ಎದ್ದು ಹೋಗಿ ಅವರ ಹೆಗಲು ತಟ್ಟುತ್ತಿದ್ದರು. ಸಮಯಕ್ಕೆ ಬಂದವನ ಹೆಗಲನ್ನು ಯಾರೂ ತಟ್ಟುವುದಿಲ್ಲ.

ನನಗೆ ಇದ್ದದ್ದು ಹೊಟ್ಟೆಕಿಚ್ಚು. ಅದನ್ನು ಶಿಸ್ತು, ನಿಯಮ ಎಂದೆಲ್ಲ ಕರೆದು ಬಹಳ ದಿನ ಮರ್ಯಾದೆ ಉಳಿಸಿಕೊಂಡಿದ್ದೆ.

ಅದು ಪೂರಾ ಹೊತ್ತಿಕೊಂಡದ್ದು ಕಳೆದ ಬೇಸಿಗೆಯಲ್ಲಿ. ಒಂದು ಭಾನುವಾರ ನನ್ನ ಗ್ಯಾರೇಜಿನ ಗೇಟಿಗೆ ಅಡ್ಡವಾಗಿ ಯಾರದೋ ಪಿಕಪ್ ಕೆಟ್ಟು ನಿಂತಿತ್ತು. ಅದನ್ನು ದೂಡಿ ಬದಿಗೆ ಸರಿಸಿ ಹೊರಡುವಾಗ ತಡವಾಯಿತು. ಕಾಣಿಯೂರು ಮುಟ್ಟಿದಾಗ ಆರು ಐವತ್ತೇಳು. ಹೋಟೆಲಿನ ಎದುರು ಒಂದು ಜೀಪೂ ಇರಲಿಲ್ಲ, ನೆಲದಲ್ಲಿ ಚಕ್ರದ ಗುರುತು ಮಾತ್ರ. ಫೋನಿಗೆ ಗುಂಪಿನ ಮೆಸೇಜು ಬಂದಿತ್ತು: "ನಿಮ್ಮದೇ ರೂಲ್ ಅಲ್ವಾ ಸಾಹೇಬ್ರೆ." ಪಕ್ಕದಲ್ಲಿ ನಗುವ ಮುಖ. ಹೋಟೆಲಿನವರು ಹೇಳಿದ ಪ್ರಕಾರ ಭಟ್ಟರು ಆರು ಐವತ್ತನಾಲ್ಕಕ್ಕೆ ಬಂದರಂತೆ, ಅವರು ಬಂದ ಕೂಡಲೇ ಎಲ್ಲರೂ ಹೊರಟರಂತೆ. ನನಗಾಗಿ ಇನ್ನು ಮೂರು ನಿಮಿಷ ನಿಲ್ಲಬಹುದಿತ್ತು. ಯಾರೂ ತಪ್ಪು ಮಾಡಿರಲಿಲ್ಲ, ನಾನು ಕಲಿಸಿದ್ದನ್ನೇ ಮಾಡಿದ್ದರು. ಆದರೂ ಆ ಖಾಲಿ ಜಾಗದಲ್ಲಿ ನಿಂತು ನಾನು ಗಟ್ಟಿಯಾಗಿ, ಯಾರೂ ಇಲ್ಲವಾ ಎಂದು ಕೇಳಿದೆ. ಹೋಟೆಲಿನವರು ನನ್ನನ್ನೇ ನೋಡಿದರು.

ಮಳೆ ಮುಗಿಯುವ ಹೊತ್ತಿಗೆ ಒಂದು ಅವಕಾಶ ಬಂತು. ಕಡಬದ ಹತ್ತಿರ ಹೋಂಸ್ಟೇ ನಡೆಸುವ ಮೇಡಂ ಒಬ್ಬರಿದ್ದಾರೆ, ಮೈಸೂರಿನ ಕಡೆಯವರು, ಇಲ್ಲಿಗೆ ಬಂದು ಎರಡು ವರ್ಷವಾಗಿರಬಹುದು. ತಮ್ಮಲ್ಲಿಗೆ ಬರುವವರನ್ನು ಪ್ರತಿ ತಿಂಗಳೂ ಜೀಪುಗಳಲ್ಲಿ ಗುಡ್ಡ ಸುತ್ತಿಸಲು ಅವರಿಗೆ ಒಬ್ಬ ಜವಾಬ್ದಾರಿಯ ಲೀಡ್ ಬೇಕಾಗಿತ್ತು. ನನ್ನ ಸೊಂಟ ಜೀಪಿನ ಅಡಿಗೆ ಮಲಗುವ ಕೆಲಸಕ್ಕೆ ಇನ್ನು ಬೇಡ ಎನ್ನುತ್ತಿತ್ತು. ಈ ಕೆಲಸ ಸಿಕ್ಕಿದರೆ ಗ್ಯಾರೇಜನ್ನು ಅರ್ಧಕ್ಕೆ ಇಳಿಸಬಹುದು. ಹಾಗಾಗಿ ಅದು ನನಗೆ ಬೇಕೇ ಬೇಕಿತ್ತು. ಯಾರನ್ನು ಇಟ್ಟುಕೊಳ್ಳಲಿ ಎಂದು ಮೇಡಂ ಗುಂಪಿನಲ್ಲಿ ವಿಚಾರಿಸಿದಾಗ ಮೂವರು ಪಂಜದ ಭಟ್ಟರ ಹೆಸರು ಹೇಳಿದರಂತೆ. ಭಟ್ಟರಿಗೆ ಅಡಿಕೆ ತೋಟ ಉಂಟು, ರಬ್ಬರು ಉಂಟು, ಹಟ್ಟಿ ತುಂಬ ದನ ಉಂಟು. ಈ ಕೆಲಸ ತನಗೆ ಬೇಕು ಎಂದು ಅವರು ಯಾರಲ್ಲೂ ಬಾಯಿ ಬಿಟ್ಟವರಲ್ಲ. ಕೇಳದವರಿಗೆ ಜನ ಕೊಡಲು ಹೊರಟದ್ದೇ ನನಗೆ ಹೆಚ್ಚು ಉರಿಯಿತು.

ಮೇಡಂ ನಿರ್ಧಾರ ಮಾಡುವ ಮೊದಲು ಒಂದು ಸುತ್ತು ನೋಡಬೇಕು ಎಂದರು. ಪೆರಾಬೆಯ ಕಡೆ ಒಂದು ರಬ್ಬರು ತೋಟದ ಒಳಗಿಂದ ಗುಡ್ಡ ಹತ್ತಿ, ಕಲ್ಲಿನ ಬಯಲು ದಾಟಿ, ತೋಡಿಗೆ, ಅಂದರೆ ಹಳ್ಳಕ್ಕೆ, ಇಳಿದು ಬರುವ ದಾರಿ. ತೋಟದ ಯಜಮಾನರ ಒಪ್ಪಿಗೆ ತೆಗೆದುಕೊಂಡು, ಹಿಂದಿನ ದಿನ ಶನಿವಾರ ನಾನೊಬ್ಬನೇ ಹೋಗಿ ಪೂರಾ ದಾರಿ ನೋಡಿ ಬಂದೆ. ಡಾಮರು ರಸ್ತೆ ಬಿಟ್ಟ ಮೇಲೆ ಸುಮಾರು ಎರಡು ಕಿಲೋಮೀಟರಿಗೆ ದಾರಿ ಕವಲೊಡೆಯುತ್ತದೆ. ನಮ್ಮದು ಎಡಕ್ಕೆ. ಬಲಗಡೆಯದು ಹೆಚ್ಚು ಸವೆದ ದಾರಿ, ಗೊತ್ತಿಲ್ಲದವರು ಅದನ್ನೇ ಹಿಡಿಯುತ್ತಾರೆ. ಅದು ಇಳಿಜಾರಿನಲ್ಲಿ ಒಂದು ತಿರುವು ತೆಗೆದುಕೊಂಡು, ತೋಡು ದಾಟುವ ಹಳೆಯ ಮೋರಿಗೆ ಮುಟ್ಟುತ್ತದೆ. ಈ ಸಲದ ಮಳೆಗೆ ಆ ಮೋರಿಯ ಎಡಬದಿಯ ಚಪ್ಪಡಿ ಕುಸಿದು ತೋಡಿಗೆ ಬಿದ್ದಿತ್ತು. ಎರಡೂ ಕಡೆ ಹುಲ್ಲು ಎದೆಯೆತ್ತರ ಬೆಳೆದಿದ್ದರಿಂದ ಹತ್ತಿರ ಹೋಗುವ ತನಕ ಕಾಣುವುದಿಲ್ಲ. ನಾಳೆ ಕವಲಿನಲ್ಲಿ ಮರೆಯದೆ ಸೊಪ್ಪು ಇಡಬೇಕು ಎಂದುಕೊಂಡು ನಾನು ಹಿಂದೆ ಬಂದೆ.

ಈ ಸೊಪ್ಪಿನ ವಿಷಯ ಹೇಳಬೇಕು. ಗುಡ್ಡದ ಒಳಗೆ ಫೋನಿಗೆ ರೇಂಜ್ ಸಿಗುವುದಿಲ್ಲ. ತಡವಾಗಿ ಬರುವವರಿಗೆ ದಾರಿ ತಪ್ಪಬಾರದು ಎಂದು ಲೀಡ್ ಆದವನು ಪ್ರತಿ ಕವಲಿನಲ್ಲಿ ಇಳಿದು, ಒಂದು ಹಸಿ ಕೊಂಬೆ ಕಡಿದು, ಹೋಗುವ ದಿಕ್ಕಿಗೆ ತುದಿ ಮಾಡಿ ನೆಲದಲ್ಲಿ ಇಡಬೇಕು. ಕೊನೆಯ ಜೀಪಿನವನು ಅದನ್ನು ಹೆಕ್ಕಿಕೊಂಡು ಬರಬೇಕು. ಇನ್ನೂ ಯಾರಾದರೂ ಬರಲಿಕ್ಕಿದ್ದರೆ ಹಾಗೆಯೇ ಬಿಡಬೇಕು. ಮೊದಲ ವರ್ಷ ನಾನು ಹಲಸಿನ ಕೊಂಬೆ ಇಡುತ್ತಿದ್ದೆ. ಒಂದು ದಿನ ಅದನ್ನು ಯಾರದೋ ದನಗಳು ಪೂರಾ ತಿಂದು ಮುಗಿಸಿದವು. ಹಿಂದೆ ಬಂದ ಮೂರು ಜೀಪು ದಾರಿ ತಪ್ಪಿ ಒಬ್ಬರ ಅಂಗಳಕ್ಕೆ ಮುಟ್ಟಿ, ಮಜ್ಜಿಗೆ ಕುಡಿದು ಹಿಂದೆ ಬಂದಿದ್ದವು. ಆಗ ಉಪಾಯ ಹೇಳಿದವರು ಪಂಜದ ಭಟ್ಟರು. ರಸ್ತೆಯ ಬದಿಯಲ್ಲಿ ಎಲ್ಲೆಂದರಲ್ಲಿ ಪೊದೆ ಕಟ್ಟಿ ಬೆಳೆಯುವ ಒಂದು ಕಳೆ ಉಂಟು. ನಮ್ಮಲ್ಲಿ ಅದನ್ನು ಕಮ್ಯುನಿಸ್ಟ್ ಗಿಡ ಎನ್ನುತ್ತಾರೆ, ವಾಸನೆಯೇ ಬೇರೆ. ಅದನ್ನು ದನವೂ ಮುಟ್ಟುವುದಿಲ್ಲ, ಆಡೂ ಮುಟ್ಟುವುದಿಲ್ಲ, ಅದನ್ನೇ ಇಡಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಲ್ಕು ಹಸು ಸಾಕಿದವರಿಗೆಲ್ಲ ಗೊತ್ತಿರುವ ಸಂಗತಿ ಅದು. ನನಗೆ ಹೊಳೆದಿರಲಿಲ್ಲ, ಅಷ್ಟೆ.

ಭಾನುವಾರ ಆರೂವರೆಗೆ ಎಂಟು ಜೀಪು ಬಂದು ನಿಂತವು. ಮೇಡಂ ಆರು ಇಪ್ಪತ್ತಕ್ಕೇ ಬಂದು ನನ್ನ ಪಕ್ಕದ ಸೀಟಿನಲ್ಲಿ ಬ್ಯಾಗ್ ಇಟ್ಟಾಗಿತ್ತು. ಆರು ಮುಕ್ಕಾಲು ಕಳೆಯಿತು. ಭಟ್ಟರಿಲ್ಲ. ಯಥಾಪ್ರಕಾರ ಫೋನು, ಸ್ಪೀಕರು, ನಗು. ಕರು ಕಟ್ಟಿ ಹಾಕಿ ಈಗ ಹೊರಟೆ ಎಂದರು ಭಟ್ಟರು. ಸುಳ್ಯದಲ್ಲಿ ನರ್ಸರಿ ಇಟ್ಟಿರುವವರು, ಯಾವಾಗಲೂ ಕೊನೆಯ ಜೀಪು ಓಡಿಸುವವರು, ಇನ್ನೊಂದು ಚಾಕ್ಕೆ ಕೈ ಎತ್ತಿದರು. ನಾನು ಅವರ ಕೈ ತಗ್ಗಿಸಿದೆ. ಆರು ಐವತ್ತೈದು ಆಯಿತು, ಹೊರಡುದು ಎಂದೆ. ನರ್ಸರಿಯವರು ನನ್ನ ಮುಖ ನೋಡಿ, "ಹತ್ತು ನಿಮಿಷ ಮಾರಾಯ್ರೆ, ಭಟ್ರಲ್ವಾ" ಎಂದರು.

"ಭಟ್ರಿಗೆ ಬೇರೆ ರೂಲ್ ಉಂಟಾ?" ಎಂದೆ.

ಮೇಡಂ ತಮ್ಮ ವಾಚು ನೋಡಿ ತಲೆಯಾಡಿಸಿದ್ದನ್ನು ನಾನು ಕಣ್ಣಂಚಿನಲ್ಲಿ ಕಂಡೆ. ಗೇರು ಹಾಕುವಾಗ ನನಗಾದ ಖುಷಿ ಸಮಯಕ್ಕೆ ಹೊರಟದ್ದಕ್ಕಲ್ಲ, ಅವರನ್ನು ಬಿಟ್ಟು ಹೊರಟದ್ದಕ್ಕೆ.

ಡಾಮರು ಮುಗಿಯುವಲ್ಲಿ ಎಲ್ಲರನ್ನೂ ನಿಲ್ಲಿಸಿದೆ. ಹಿಡಿತ ಸಿಗಲಿ ಎಂದು ಟಯರಿನ ಗಾಳಿಯನ್ನು ಹದಿನೆಂಟು ಪೌಂಡಿಗೆ ಇಳಿಸಿದೆವು, ನಾಲ್ಕೂ ಚಕ್ರ ಎಳೆಯುವಂತೆ ಮುಂದಿನ ಚಕ್ರಗಳ ಹಬ್ ಲಾಕ್ ಮಾಡಿದೆವು. ವಾಕಿಟಾಕಿ ನಾಲ್ಕು. ಒಂದು ನನ್ನಲ್ಲಿ, ಒಂದು ನಡುವಿನ ಜೀಪಿನಲ್ಲಿ, ಒಂದು ನರ್ಸರಿಯವರಲ್ಲಿ. ನಾಲ್ಕನೆಯದನ್ನು ಭಟ್ಟರು ಹಿಂದಿನ ಸಲ ಹಿಂದೆ ಕೊಡಲು ಮರೆತು ಕೊಂಡುಹೋಗಿದ್ದರು, ಅದು ಇನ್ನೂ ಅವರಲ್ಲೇ ಇತ್ತು. ಮೇಡಮ್ಮಿಗೆ ಎಲ್ಲವನ್ನೂ ವಿವರಿಸುತ್ತಾ ಹೋದೆ. ಪ್ರತಿಯೊಬ್ಬನೂ ತನ್ನ ಕನ್ನಡಿಯಲ್ಲಿ ಹಿಂದಿನ ಜೀಪು ಕಾಣುವ ಹಾಗೆ ಓಡಿಸಬೇಕು, ಕಾಣದಿದ್ದರೆ ನಿಲ್ಲಬೇಕು ಎಂದೆ. ಅವರಿಗೆ ಅದು ಬಹಳ ಹಿಡಿಸಿತು.

ಕವಲಿನಲ್ಲಿ ಜೀಪು ನಿಲ್ಲಿಸಿ ಇಳಿದೆ. ಹಿಂದಿನ ಜೀಪು ಇನ್ನೂ ತಿರುವಿನ ಆಚೆ ಇತ್ತು, ಇಂಜಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಕತ್ತಿಯಲ್ಲಿ ಕಮ್ಯುನಿಸ್ಟ್ ಗಿಡದ ಒಂದು ಕೊಂಬೆ ಕಡಿದೆ. ಅದನ್ನು ಹಿಡಿದು ಕವಲಿನ ಬಾಯಿಯ ತನಕ ನಡೆದೆ. ಬಾಗಿದೆ. ಆಗ ಕಾಣಿಯೂರಿನ ಆ ಖಾಲಿ ಜಾಗ ನೆನಪಿಗೆ ಬಂತು, ನಗುವ ಮುಖದ ಮೆಸೇಜು ನೆನಪಿಗೆ ಬಂತು. ಕೊಂಬೆಯನ್ನು ಪೊದೆಯ ಒಳಗೆ ಎಸೆದು ಕೈ ಒರೆಸಿಕೊಂಡು ಬಂದು ಜೀಪು ಹತ್ತಿದೆ. ಜೀಪಿನಲ್ಲಿ ಕುಳಿತವರಿಗೆ ನನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಭಟ್ಟರು ಬರಲಿಕ್ಕಿದ್ದರಿಂದ ಕೊನೆಯ ಜೀಪಿನವರೂ ಸೊಪ್ಪು ಹೆಕ್ಕಲು ಅಲ್ಲಿ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೀಗೆ ಗುರುತು ಇಡುವುದು ಒಳ್ಳೆಯ ಪದ್ಧತಿ ಎಂದರು ಮೇಡಂ. ಹೌದು ಎಂದೆ.

ಮೋರಿ ಕುಸಿದದ್ದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಭಟ್ಟರು ಅದನ್ನು ನೋಡಿ ಜೀಪು ತಿರುಗಿಸಿ ಹಿಂದೆ ಹೋಗುತ್ತಾರೆ, ಒಂದು ದಿನ ತಪ್ಪಿಸಿಕೊಂಡರೆ ಬುದ್ಧಿ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎದೆಯೆತ್ತರದ ಹುಲ್ಲನ್ನು ಆಗ ಮರೆತೆನೋ, ಮರೆಯಲು ಬಿಟ್ಟೆನೋ ಈಗಲೂ ಖಚಿತವಾಗಿ ಹೇಳಲಾರೆ.

ಗುಡ್ಡ ಹತ್ತುವ ಕೆಲಸ ಚೆನ್ನಾಗಿಯೇ ನಡೆಯಿತು. ಮಳೆ ಕೊರೆದ ಎರಡು ಕಣಿಗಳ ನಡುವಿನ ದಿಣ್ಣೆಯ ಮೇಲೆ ಚಕ್ರ ಇಟ್ಟು, ಲೋ ಗೇರಿನಲ್ಲಿ, ಬ್ರೇಕು ಮುಟ್ಟದೆ ಒಬ್ಬೊಬ್ಬರನ್ನೇ ಹತ್ತಿಸಿದೆ. ಬೆಳ್ಳಾರೆಯವರ ಜೀಪು ಒಂದು ಕಡೆ ಜಾರಿ ಕಣಿಗೆ ಇಳಿಯಿತು, ನನ್ನ ಜೀಪಿನ ಮೂತಿಯಲ್ಲಿರುವ ವಿಂಚಿನ ತಂತಿ ಸಿಕ್ಕಿಸಿ ಎಳೆದೆವು. ಎಂಟೂಕಾಲಿಗೆ ಎಲ್ಲ ಎಂಟು ಜೀಪುಗಳೂ ಮೇಲಿನ ಕಲ್ಲಿನ ಬಯಲಿನಲ್ಲಿ ಸಾಲಾಗಿ ನಿಂತಿದ್ದವು. ಬನ್ಸ್ ಪಾರ್ಸೆಲ್ ಬಿಚ್ಚಿದರು. ನಾನು ಬಯಲಿನ ತುದಿಗೆ ಹೋಗಿ ಇಳಿಯುವ ದಾರಿ ನೋಡುತ್ತಿದ್ದೆ. ಆಗ ಸೊಂಟದಲ್ಲಿದ್ದ ವಾಕಿಟಾಕಿ ಗೊರಗೊರ ಎಂದಿತು.

"ಸಾಹೇಬ್ರೆ... ಸೊಪ್ಪು ಕಾಣ್ಲಿಲ್ಲ... ಮೋರಿ..."

ಮತ್ತೆ ಗೊರಗೊರ. ಉಳಿದ ಎರಡು ಸೆಟ್ಟುಗಳು ಜೀಪಿನ ಒಳಗಿದ್ದವು, ಆ ಕಡೆಗೆ ಏನೂ ಕೇಳಿಸಿದಂತಿರಲಿಲ್ಲ. ನಾನು ಸದ್ದಿನ ಗುಂಡಿಯನ್ನು ತಗ್ಗಿಸಿದೆ. ಗಡಿಯಾರ ನೋಡಿದೆ, ಅದು ನನ್ನ ಅಭ್ಯಾಸ. ಎಂಟು ಹದಿನೆಂಟು. ಸ್ವಲ್ಪ ಹೊತ್ತು ಅವರೂ ಕಾಯಲಿ, ಕಾಯುವುದೆಂದರೆ ಏನೆಂದು ತಿಳಿಯಲಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಬಂದು ಬನ್ಸ್ ತಿಂದೆ. ಮೇಡಂ ನಗುತ್ತಾ ಏನೋ ಕೇಳಿದರು, ನಗುತ್ತಾ ಉತ್ತರ ಕೊಟ್ಟೆ. ಎರಡನೆಯ ಬನ್ಸ್ ಕೂಡ ತಿಂದೆ.

ಮತ್ತೆ ಬಯಲಿನ ತುದಿಗೆ ಹೋದೆ. ಸುಮ್ಮನೆ, ಸದ್ದು ಸ್ವಲ್ಪ ಏರಿಸಿದೆ. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಸಣ್ಣ ಸ್ವರದಲ್ಲಿ, ಯಾರನ್ನೂ ಹೆಸರಿಸದೆ, ಭಟ್ಟರು ಕೇಳಿದರು.

"ಯಾರೂ ಇಲ್ವಾ?"

ಆ ಮಾತಿನಲ್ಲಿ ನಗು ಇರಲಿಲ್ಲ. ಅವರಿಂದ ಅಂಥ ಸ್ವರವನ್ನು ನಾನು ಯಾವತ್ತೂ ಕೇಳಿರಲಿಲ್ಲ, ಆದರೂ ಅದು ಗುರುತಿನ ಸ್ವರವೇ. ಕಾಣಿಯೂರಿನಲ್ಲಿ ಬೇಸಿಗೆಯ ಆ ಬೆಳಿಗ್ಗೆ ನನ್ನ ಗಂಟಲಿನಿಂದ ಬಂದದ್ದು. ಗಡಿಯಾರ ಎಂಟು ನಲವತ್ತು ತೋರಿಸುತ್ತಿತ್ತು. ಇಪ್ಪತ್ತೆರಡು ನಿಮಿಷ.

ಒಮ್ಮೆ ಹತ್ತಿಸಿದ ಗುಂಪನ್ನು ಅದೇ ಕಡಿದಾದ ದಾರಿಯಲ್ಲಿ ಹಿಂದಕ್ಕೆ ಇಳಿಸಬಾರದು ಎಂಬುದು ನಾನೇ ಮಾಡಿದ ಇನ್ನೊಂದು ನಿಯಮ. ಭಟ್ಟರು ಹಳೆಯ ಮೋರಿಯಲ್ಲಿ ಸಿಕ್ಕಿಬಿದ್ದಿದ್ದಾರೆ, ಹಿಂದೆ ಹೋಗಬೇಕು ಎಂದಷ್ಟೇ ಎಲ್ಲರಿಗೆ ಹೇಳಿದೆ. ಆರು ಜೀಪುಗಳನ್ನು ಅಲ್ಲಿಯೇ ನಿಲ್ಲಿಸಿ, ನಾನು ಮತ್ತು ನರ್ಸರಿಯವರು ಇಳಿದೆವು. ಮೇಡಂ ನನ್ನ ಜೀಪಿನಿಂದ ಇಳಿಯಲು ಒಪ್ಪಲಿಲ್ಲ. ಬೆಳ್ಳಾರೆಯವರು ನರ್ಸರಿಯವರ ಜೀಪಿಗೆ ಹತ್ತಿಕೊಂಡರು. ಎಲ್ಲಿ, ಹೇಗೆ ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ, ದಾರಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ.

ಭಟ್ಟರ ಜೀಪಿನ ಮುಂದಿನ ಎಡಚಕ್ರ ಗಾಳಿಯಲ್ಲಿತ್ತು. ಕುಸಿದ ಚಪ್ಪಡಿಯ ಅಂಚಿನಲ್ಲಿ ಜೀಪು ವಾರೆಯಾಗಿ, ಮೂತಿ ತೋಡಿನ ಕಡೆಗೆ ಬಾಗಿ ನಿಂತಿತ್ತು. ಕೆಳಗೆ ಎರಡಾಳು ಆಳ, ಕಲ್ಲು, ನೀರು. ಅವರ ಜೀಪಿನ ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ. ಲೋ ಗೇರಿನ ದಂಡವೂ ಸವೆದು, ಹಾಕಿದ ಗೇರು ತಾನಾಗಿ ಜಾರುತ್ತಿತ್ತು. ಅದು ನನಗೆ ಹೇಗೆ ಗೊತ್ತೆಂದರೆ, ಅದನ್ನು ಸರಿಮಾಡಿಸಲು ಅವರು ಎರಡು ಸಲ ನನ್ನ ಗ್ಯಾರೇಜಿಗೆ ಬಂದಿದ್ದರು. ಎರಡು ಸಲವೂ ನಾನು ಶಟರ್ ಎಳೆಯುವ ಹೊತ್ತಿಗೆ ಬಂದರು. ಎರಡು ಸಲವೂ ಹೊತ್ತು ಮುಗಿಯಿತು ಎಂದು ಕಳಿಸಿದ್ದೆ. ಈಗ ಜೀಪನ್ನು ಹಿಡಿದಿದ್ದದ್ದು ಅವರ ಬಲಗಾಲು ಒಂದೇ. ಬ್ರೇಕಿನ ಮೇಲೆ ಇಟ್ಟ ಕಾಲನ್ನು ಅವರು ಅಷ್ಟು ಹೊತ್ತೂ ತೆಗೆದಿರಲಿಲ್ಲ. ಇಳಿಯಲು ಕಾಲು ಎತ್ತಬೇಕು, ಎತ್ತಿದರೆ ಜೀಪು ಹೋಗುತ್ತದೆ.

ನಾನು ಓಡಿ ಹೋಗಿ ಬಲಬದಿಯಲ್ಲಿ ನಿಂತೆ. ಅವರು ತಲೆ ತಿರುಗಿಸಲಿಲ್ಲ. ಅಂಗಿಯ ಬೆನ್ನು ಒದ್ದೆಯಾಗಿ ಅಂಟಿಕೊಂಡಿತ್ತು.

"ಸಾಹೇಬ್ರಾ?"

"ಹೌದು. ಕಾಲು ಎತ್ತಬೇಡಿ."

"ಎತ್ತುದಿಲ್ಲ. ನೀವು ಬರ್ತೀರಿ ಅಂತ ಗೊತ್ತಿತ್ತು. ತಡ ಮಾಡುವ ಜನ ಅಲ್ಲ ನೀವು."

ನಾನು ವಿಂಚಿನ ಕಡೆಗೆ ತಿರುಗಿದೆ. ಕೆಲಸ ಇದ್ದದ್ದು ಪುಣ್ಯ.

ನನ್ನ ಜೀಪನ್ನು ಅವರ ಜೀಪಿನ ಹಿಂದೆ, ಇಳಿಜಾರಿನ ಮೇಲೆ, ನೇರ ಸಾಲಿನಲ್ಲಿ ನಿಲ್ಲಿಸಿ ನಾಲ್ಕೂ ಚಕ್ರಗಳಿಗೆ ಕಲ್ಲು ಕೊಟ್ಟೆ. ನನ್ನ ಹಿಂದಿನ ಕೊಕ್ಕೆಯಿಂದ ನರ್ಸರಿಯವರ ಜೀಪಿಗೆ ಹಗ್ಗ ಕಟ್ಟಿಸಿದೆ, ಎರಡು ಜೀಪಿನ ಭಾರ ಬೇಕಿತ್ತು. ವಿಂಚಿನ ತಂತಿಯನ್ನು ಎಳೆದುಕೊಂಡು ಹೋಗಿ ಭಟ್ಟರ ಜೀಪಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿದೆ. ತಂತಿ ಕಡಿದರೆ ಹಾರಿ ಹೊಡೆಯದಂತೆ ಅದರ ಮೇಲೆ ಒದ್ದೆ ಗೋಣಿ ಹಾಕಿ, ಮೇಡಮ್ಮನ್ನು ದೂರ ನಿಲ್ಲಲು ಹೇಳಿದೆ. ಆಮೇಲೆ ಬಹಳ ಮೆಲ್ಲಗೆ ತಂತಿ ಬಿಗಿ ಮಾಡಿದೆ. ಎಳೆಯಲಿಲ್ಲ, ಬಿಗಿ ಮಾತ್ರ. ತಂತಿ ಭಾರ ತೆಗೆದುಕೊಂಡಿತು ಎಂದು ಕೈಗೆ ಗೊತ್ತಾದ ಮೇಲೆ ಭಟ್ಟರಿಗೆ ಕಾಲು ಸ್ವಲ್ಪ ಸಡಿಲಿಸಲು ಹೇಳಿದೆ. ಜೀಪು ಅರ್ಧ ಗೇಣು ಮುಂದೆ ಸರಿದು ನಿಂತಿತು.

ಅವರನ್ನು ಇಳಿಸಲು ಇಬ್ಬರು ಬೇಕಾಯಿತು. ಬಲಗಾಲು ಮರಗಟ್ಟಿ ಮಡಚಲು ಬರುತ್ತಿರಲಿಲ್ಲ. ಕಲ್ಲಿನ ಮೇಲೆ ಕೂರಿಸಿದಾಗ ನರ್ಸರಿಯವರು ಕೂತು ಮೀನಖಂಡ ತಿಕ್ಕಿದರು. ಆಮೇಲೆ ಗಾಳಿಯಲ್ಲಿದ್ದ ಚಕ್ರದ ಅಡಿಗೆ ಎರಡು ರಬ್ಬರು ಮರದ ತುಂಡು ತೂರಿಸಿ, ಸ್ಟೇರಿಂಗ್ ಬಲಕ್ಕೆ ಕಟ್ಟಿ, ಒಂದೊಂದೇ ಅಡಿ ಎಳೆದು ಜೀಪನ್ನು ಗಟ್ಟಿ ನೆಲಕ್ಕೆ ತಂದೆವು. ಸುಮಾರು ಮುಕ್ಕಾಲು ಗಂಟೆಯ ಕೆಲಸ. ಅದನ್ನು ನಾನು ಚೆನ್ನಾಗಿ ಮಾಡಿದೆ. ಮೇಡಮ್ಮಿನ ಮುಖದಲ್ಲಿ ಮೆಚ್ಚುಗೆ ಕಾಣುತ್ತಿತ್ತು.

ಎಲ್ಲ ಮುಗಿದು ನೀರು ಕುಡಿಯುವಾಗ ಅವರೇ ಭಟ್ಟರನ್ನು ಕೇಳಿದರು. "ನೀವ್ಯಾಕೆ ಈ ದಾರಿಗೆ ಬಂದ್ರಿ? ಇವರು ಕವಲಲ್ಲಿ ಸೊಪ್ಪು ಇಟ್ಟಿದ್ದನ್ನ ನಾನೇ ನೋಡಿದೀನಲ್ಲ."

ಭಟ್ಟರು ಕಾಲು ತಿಕ್ಕುವುದನ್ನು ನಿಲ್ಲಿಸಿದರು. ನನ್ನನ್ನು ನೋಡಿದರು. ನಾನು ತಂತಿ ಸುತ್ತುತ್ತಿದ್ದೆ, ಕೈ ನಿಂತಿತು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಸುಲಭವಾಗುತ್ತಿತ್ತು. ಅವರು ಏನನ್ನೋ ಈಗಷ್ಟೇ ಅರ್ಥ ಮಾಡಿಕೊಂಡವರ ಹಾಗೆ ನೋಡಿದರು.

"ದನ ತಿಂದಿರ್ಬೇಕು ಮೇಡಂ," ಎಂದರು.

ನರ್ಸರಿಯವರು ನೀರಿನ ಬಾಟಲಿ ಕೆಳಗಿಟ್ಟರು. ಬೆಳ್ಳಾರೆಯವರು ತೋಡಿನ ಕಡೆಗೆ ಮುಖ ತಿರುಗಿಸಿದರು. ಮೈಸೂರಿನ ಮೇಡಂ ಒಬ್ಬರನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಟ್ಟಿ ತುಂಬ ದನ ಸಾಕಿದ, ಈ ಗಿಡವನ್ನೇ ಇಡಿ ಎಂದು ನಮಗೆ ಹೇಳಿಕೊಟ್ಟ ಮನುಷ್ಯನ ಬಾಯಿಯಿಂದ ಆ ಮಾತು ಬಂದಿತ್ತು.

ಉಳಿದ ಜೀಪುಗಳನ್ನು ಇಳಿಸಿ ಹಿಂದಿರುಗುವಾಗ ಮಧ್ಯಾಹ್ನವಾಗಿತ್ತು. ಮೇಡಂ ನನ್ನ ಜೀಪಿನಲ್ಲೇ ಇದ್ದರು. ಅವರ ಮನಸ್ಸು ಗಟ್ಟಿಯಾಗಿತ್ತು. ಸಮಯ ಅಂದರೆ ಸಮಯ, ಆದರೆ ಕರೆ ಬಂದಾಗ ನಿಯಮ ಬಿಟ್ಟು ಹಿಂದೆ ಬಂದಿರಿ, ನನಗೆ ಇಂಥವರೇ ಬೇಕು, ಮುಂದಿನ ತಿಂಗಳಿನಿಂದ ಶುರು ಮಾಡೋಣ ಎಂದರು. ನಾನು ಎಷ್ಟೋ ದಿನದಿಂದ ಕಾದಿದ್ದ ಮಾತು ಅದು. ಸುಮ್ಮನೆ ತಲೆಯಾಡಿಸಿದರೆ ಸಾಕಿತ್ತು. ಭಟ್ಟರು ಬಾಯಿ ಬಿಡುವವರಲ್ಲ, ಅವರು ಬಿಡದಿದ್ದರೆ ಉಳಿದವರೂ ಬಿಡುವುದಿಲ್ಲ. ಅವರು ಆಡಿದ ಒಂದೇ ಒಂದು ಸುಳ್ಳಿನ ಮೇಲೆ ನನ್ನ ಮುಂದಿನ ಜೀವನ ನಿಲ್ಲುವುದಿತ್ತು. ಅದನ್ನೂ ಅವರೇ ಕೊಟ್ಟದ್ದು. ಅದನ್ನೇ ನನಗೆ ತಡೆಯಲಾಗಲಿಲ್ಲ. ಪಶ್ಚಾತ್ತಾಪ ಎಂದು ಬರೆದುಕೊಳ್ಳಲು ಆಸೆಯಾಗುತ್ತದೆ, ಆದರೆ ಅರ್ಧ ಭಾಗ ಅದೇ ಹಳೆಯ ಹೊಟ್ಟೆಕಿಚ್ಚು.

ಕವಲು ಬಂತು. ಗೇರುಮರದ ಬುಡದಲ್ಲಿ ಯಾರದೋ ದನ ಕಟ್ಟಿ ಹಾಕಿದ್ದರು. ಜೀಪು ನಿಲ್ಲಿಸಿ, ಒಂದು ನಿಮಿಷ ಇಳಿಯಿರಿ ಎಂದು ಮೇಡಮ್ಮಿಗೆ ಹೇಳಿದೆ. ಬೆಳಿಗ್ಗೆ ಕಡಿದ ಪೊದೆಯಿಂದಲೇ ಇನ್ನೊಂದು ಕೊಂಬೆ ಕಡಿದು ದನದ ಮೂತಿಯ ಎದುರು ಹಿಡಿದೆ. ಅದು ಮೂಸಿತು, ಫುಸ್ ಎಂದು ಉಸಿರು ಬಿಟ್ಟು ಮುಖ ತಿರುಗಿಸಿ ಹುಲ್ಲಿಗೆ ಬಾಯಿ ಹಾಕಿತು. ಇನ್ನೊಮ್ಮೆ ಹಿಡಿದೆ. ಮತ್ತೆ ಹಾಗೆಯೇ.

"ಇದನ್ನು ದನ ತಿನ್ನುದಿಲ್ಲ ಮೇಡಂ. ನಾನು ಇಡ್ಲಿಲ್ಲ."

ಅವರು ದನವನ್ನು ನೋಡಿದರು, ಕೊಂಬೆಯನ್ನು ನೋಡಿದರು. ಯಾಕೆ ಎಂದು ಕೇಳಿದರು.

"ಅವರಿಗೆ ಎಲ್ಲರೂ ಕಾಯ್ತಾರೆ," ಎಂದೆ.

ಗಡ್ಡ ನರೆತ ಗಂಡಸಿನ ಬಾಯಲ್ಲಿ ಅದು ಎಷ್ಟು ಸಣ್ಣ ಮಾತಾಗಿ ಕೇಳಿಸಿತೆಂದು ಹೇಳಿದ ಮೇಲೆ ತಿಳಿಯಿತು. ಮೇಡಂ ಜೀಪು ಹತ್ತಿದರು. ಕಡಬದಲ್ಲಿ ಅವರನ್ನು ಇಳಿಸಿದೆ. ವಾಕಿಟಾಕಿಯ ಆ ಇಪ್ಪತ್ತೆರಡು ನಿಮಿಷದ ಸಂಗತಿಯನ್ನು ಮಾತ್ರ ಅವರಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಇಲ್ಲಿ ಬರೆದದ್ದೇ ಮೊದಲು.

ಮರುದಿನ ಶಟರ್ ಎಳೆಯುವ ಹೊತ್ತಿಗೆ ಭಟ್ಟರ ಜೀಪು ಬಂದು ಗ್ಯಾರೇಜಿನ ಎದುರು ನಿಂತಿತು. ಹೊತ್ತು ಮುಗಿಯಿತಾ ಎಂದು ಕೇಳಿದರು. ಇಲ್ಲ ಎಂದು ಶಟರ್ ಮೇಲಕ್ಕೆ ದೂಡಿದೆ. ಹ್ಯಾಂಡ್‌ಬ್ರೇಕೂ ಗೇರಿನ ದಂಡವೂ ಸರಿಯಾಗುವ ತನಕ ಅವರು ಸ್ಟೂಲಿನ ಮೇಲೆ ಕುಳಿತು ಕರುವಿನ ವಿಷಯ ಹೇಳುತ್ತಿದ್ದರು. ಸೊಪ್ಪಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಜೀಪಿನ ಅಡಿಯಲ್ಲಿ ಮಲಗಿದ್ದವನಿಗೆ ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಬಲಗಾಲನ್ನು ಆಗಾಗ ಚಾಚಿ ಮಡಚಿ ಮಾಡುತ್ತಿದ್ದರು.

ಕೆಲಸ ಭಟ್ಟರಿಗೆ ಹೋಯಿತು. ಕೊನೆಯ ಜೀಪಿನಲ್ಲಿ ನಾನು ಇರುವುದಾದರೆ ಮಾತ್ರ ಒಪ್ಪುವುದಾಗಿ ಅವರು ಮೇಡಮ್ಮಿಗೆ ಹೇಳಿದರಂತೆ. ನಾನು ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ ಒಪ್ಪಿದೆ. ಈಗ ಮೇಡಂ ಎಲ್ಲರಿಗೂ ಏಳು ಗಂಟೆ ಎಂದು ಹೇಳುತ್ತಾರೆ, ಭಟ್ಟರಿಗೆ ಮಾತ್ರ ಆರು ಎಂದು. ಅವರು ಇಡುತ್ತಾ ಹೋದ ಕೊಂಬೆಗಳನ್ನು ನಾನು ಹೆಕ್ಕುತ್ತಾ ಬರುತ್ತೇನೆ. ಅವರು ಗೊತ್ತಿರುವ ತಿರುವಿನಲ್ಲೂ ಇಡುತ್ತಾರೆ, ಕೆಲವು ಕಡೆ ಎರಡೆರಡು.

ಮೊನ್ನೆ ನಮ್ಮ ಗುಂಪಿನದ್ದೇ ಒಂದು ಭಾನುವಾರ. ಬ್ಯಾಟರಿ ಸತ್ತು ನನ್ನ ಜೀಪು ಹಟ ಹಿಡಿಯಿತು, ಕಾಣಿಯೂರು ಮುಟ್ಟುವಾಗ ಏಳೂಕಾಲು. ಯಾರೂ ಇರಲಿಲ್ಲ. ನಿಯಮ ಈಗಲೂ ನಿಯಮವೇ. ಇಳಿಯದೆ ಹಾಗೆಯೇ ಪುತ್ತೂರಿಗೆ ತಿರುಗಿಸಬೇಕೆಂದಿದ್ದೆ, ಆಗ ಹೋಟೆಲಿನ ಎದುರಿನ ನೆಲದಲ್ಲಿ ಕಂಡಿತು. ಕಮ್ಯುನಿಸ್ಟ್ ಗಿಡದ ಒಂದು ಕೊಂಬೆ, ಗಾಳಿಗೆ ಹಾರದಂತೆ ಬುಡಕ್ಕೆ ಕಲ್ಲು, ತುದಿ ಪಂಜದ ರಸ್ತೆಯ ಕಡೆಗೆ. ಅಲ್ಲಿ ಕವಲಿಲ್ಲ. ಆ ಪೇಟೆಯಿಂದ ಎಲ್ಲಿಗೆ ಹೋಗಬೇಕೆಂದು ನನಗೆ ಯಾರೂ ತೋರಿಸಬೇಕಾಗಿರಲಿಲ್ಲ.

ಹೋಟೆಲಿನವರು ಗಲ್ಲೆಯಿಂದಲೇ ಹೇಳಿದರು, "ಭಟ್ರು ಇಟ್ಟದ್ದು. ಇವತ್ತು ಅವರೇ ಮೊದಲು ಬಂದದ್ದು ಮಾರಾಯ್ರೆ. ನಿಮಗೆ ಕಾದ್ರು, ಉಳಿದವರು ಹೊರಟ ಮೇಲೆ ಇದನ್ನಿಟ್ಟು ಹೋದ್ರು."

ಕೊಂಬೆಯನ್ನು ಹೆಕ್ಕಿದೆ. ಕೊನೆಗೆ ಬಂದವನು ಹೆಕ್ಕಬೇಕು, ಅದು ನನ್ನ ಕೆಲಸ. ಇದೂ ಅವರಿಗೇ ಹೊಳೆಯಿತಲ್ಲ ಎಂದು ಹೊಟ್ಟೆ ಉರಿಯಿತು. ಕಲ್ಲನ್ನೂ ಬಿಡದೆ ಎತ್ತಿ ಜೀಪಿಗೆ ಹಾಕಿಕೊಂಡು, ಸೊಪ್ಪು ತೋರಿಸಿದ ದಿಕ್ಕಿಗೆ ಹೊರಟೆ.